ಹಡಗಿನ ಕೋಣೆಗೆ ಇರುವ ನಿಯಮ ನಮ್ಮ ಮನೆಗೂ ಇರಲಿ

(ಹಿರೇಹಳ್ಳಿಯಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣದ ಬರಹ ರೂಪ)



ಉಳಿತಾಯದ ಲೆಕ್ಕ, ಸಾಲದ ಕಂತು, ಬ್ಯಾಂಕಿನ ಪಾಸ್‌ಪುಸ್ತಕ, ಇವನ್ನೆಲ್ಲ ನಾವು ಪ್ರತಿ ಸಭೆಯಲ್ಲೂ ಮಾತಾಡ್ತೀವಿ. ಇವತ್ತು ಬೇರೆ ವಿಷಯ. ನಿಮ್ಮೆಲ್ಲರ ಮನೆಯಲ್ಲೂ ಇರುವ, ಯಾರೂ ಗಮನ ಕೊಡದ ಒಂದು ಸಣ್ಣ ವಸ್ತು. ಮೊಬೈಲ್ ಚಾರ್ಜರ್.

ಈ ವಿಷಯ ಯಾಕೆ ಬಂತು ಅಂದ್ರೆ, ಹಿಂದಿನ ಸಭೆಯಲ್ಲಿ ಒಬ್ಬ ಸದಸ್ಯೆ ಒಂದು ಪ್ರಶ್ನೆ ಕೇಳಿದರು. ಅವರ ಮಗನಿಗೆ ಪ್ರವಾಸಿ ಹಡಗಿನಲ್ಲಿ, ಹೋಟೆಲ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಹೊರಡುವಾಗ ಏನೇನು ತರಬಾರದು ಅಂತ ಒಂದು ಪಟ್ಟಿ ಬಂದಿದೆ. ಅದರಲ್ಲಿ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಮೇಣದ ಬತ್ತಿ ಇದ್ದವು. ಜೊತೆಗೆ ಎಕ್ಸ್‌ಟೆನ್ಷನ್ ಬೋರ್ಡೂ ಇತ್ತು. "ಸಿಸ್ಟರ್, ಚಾಕು, ಚೂರಿ ಬೇಡ ಅಂದ್ರೆ ಅರ್ಥ ಆಗುತ್ತೆ. ಮೊಬೈಲ್ ಚಾರ್ಜ್ ಮಾಡೋ ಬೋರ್ಡ್ ಏನು ಪಾಪ ಮಾಡಿತ್ತು?" ಅಂತ ಅವರು ಕೇಳಿದಾಗ ನೀವೆಲ್ಲ ನಕ್ಕಿರಿ. ಒಳ್ಳೆಯ ಪ್ರಶ್ನೆ ಅದು. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಹಡಗಿನಿಂದ ನಮ್ಮ ಅಡುಗೆಮನೆಯ ಗೋಡೆಗೇ ಬಂದು ನಿಲ್ತೀವಿ.

ಹಡಗಿನಲ್ಲಿ ಯಾಕಿಷ್ಟು ಕಟ್ಟುನಿಟ್ಟು?

ಸಾವಿರಾರು ಜನ ಹೋಗುವ ಪ್ರವಾಸಿ ಹಡಗು ಅಂದ್ರೆ ಒಂದು ಊರೇ. ಆದರೆ ಒಬ್ಬೊಬ್ಬರಿಗೂ ಸಿಗುವ ಕೋಣೆ ಚಿಕ್ಕದು. ಕೆಲಸಗಾರರ ಕೋಣೆಯಂತೂ ಇನ್ನೂ ಚಿಕ್ಕದು. ಮೇಲೊಂದು ಕೆಳಗೊಂದು ಮಂಚ, ಒಂದು ಬಾಗಿಲು, ಒಂದೋ ಎರಡೋ ಪ್ಲಗ್ಗು. ಅಷ್ಟರಲ್ಲೇ ಫೋನು, ವಾಚು, ಪವರ್ ಬ್ಯಾಂಕು ಎಲ್ಲ ಚಾರ್ಜ್ ಆಗಬೇಕು. ಸಹಜವಾಗಿಯೇ ಜನ ಊರಿಂದ ಒಂದು ಬೋರ್ಡ್ ತಗೊಂಡು ಹೋಗೋಣ ಅಂತಾರೆ.

ಹಡಗಿನವರು ಅದನ್ನು ಬಾಗಿಲಲ್ಲೇ ತಡೆಯೋದಕ್ಕೆ ಎರಡು ಕಾರಣ ಇದೆ.

ಮೊದಲನೆಯದು, ನಡು ಸಮುದ್ರದಲ್ಲಿ ಬೆಂಕಿ ಬಿದ್ದರೆ ಫೈರ್ ಇಂಜಿನ್ ಬರೋದಿಲ್ಲ. ಓಡಿ ಹೋಗೋಕೆ ಬೀದಿ ಇಲ್ಲ. ಅದಕ್ಕೇ ಅಡುಗೆ ಮಾಡುವವರಿಗೂ, ಕೋಣೆ ಗುಡಿಸುವವರಿಗೂ ಬೆಂಕಿ ಆರಿಸುವ ತರಬೇತಿ ಕೊಡ್ತಾರೆ. ಆರಿಸೋದಕ್ಕಿಂತ ಹತ್ತಿಕೊಳ್ಳದ ಹಾಗೆ ನೋಡಿಕೊಳ್ಳೋದು ಸುಲಭ ಅಂತ ಅವರಿಗೆ ಗೊತ್ತು.

ಎರಡನೆಯದು ವೈರಿಂಗಿನ ವಿಷಯ. ಸ್ವಲ್ಪ ನಿಧಾನವಾಗಿ ಕೇಳಿ. ನಮ್ಮ ಮನೆಗೆ ಬರುವ ಎರಡು ತಂತಿಯಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಹೊಡೆಯೋದು ಫೇಸ್. ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಭೂಮಿಗೆ ಸೇರಿಸಿರ್ತಾರೆ. ನಾವು ಸ್ವಿಚ್ ಆರಿಸಿದಾಗ ಫೇಸ್ ತಂತಿ ಮಾತ್ರ ಕಟ್ ಆಗುತ್ತೆ, ಅಷ್ಟು ಸಾಕು. ಆದರೆ ಅನೇಕ ಹಡಗುಗಳಲ್ಲಿ ಹೀಗಿಲ್ಲ. ಅಲ್ಲಿ ಎರಡು ತಂತಿಯಲ್ಲೂ ಕರೆಂಟಿನ ಒತ್ತಡ ಇರುತ್ತೆ. ನಮ್ಮ ಊರಿನ ಬೋರ್ಡ್ ಅಲ್ಲಿ ಹಾಕಿ ಸ್ವಿಚ್ ಆರಿಸಿದರೆ ಒಂದು ತಂತಿ ಸತ್ತರೂ ಇನ್ನೊಂದು ಜೀವಂತವಾಗಿಯೇ ಇರುತ್ತೆ. ಆರಿಸಿದ್ದೀವಿ ಅಂತ ನಾವು ಮಲಗಿದ್ದರೆ ಬೋರ್ಡ್ ಒಳಗೊಳಗೇ ಬಿಸಿಯಾಗಬಹುದು. ವೋಲ್ಟೇಜ್ ಏರಿಳಿತ ತಡೆಯುವ ಬೋರ್ಡುಗಳಿಂದಲೇ ಹಡಗುಗಳಲ್ಲಿ ಬೆಂಕಿ ಕಾಣಿಸಿಕೊಂಡ ಮೇಲೆ ಅಮೆರಿಕದ ಕರಾವಳಿ ರಕ್ಷಣಾ ಪಡೆ 2013ರಲ್ಲಿ ಎಲ್ಲ ಹಡಗಿನವರಿಗೂ ಎಚ್ಚರಿಕೆಯ ಸುತ್ತೋಲೆ ಹೊರಡಿಸಿತು. ಮನೆಯಲ್ಲಿ ಕಾಪಾಡುವ ವಸ್ತುವೇ ಹಡಗಿನಲ್ಲಿ ಅಪಾಯ ತರಬಹುದು ಅಂತ ಅದರ ಸಾರ.

ಹಾಗಾಗಿ ಆ ತಾಯಿಗೆ ನನ್ನ ಉತ್ತರ ಇಷ್ಟು. ಮಗ ಬೋರ್ಡ್ ತಗೊಂಡು ಹೋಗೋದು ಬೇಡ. ಒಳ್ಳೆಯ ಕಂಪನಿಯ ಚಾರ್ಜರ್ ಒಂದು ಇರಲಿ. ಎರಡು ಮೂರು ವಸ್ತು ಚಾರ್ಜ್ ಮಾಡಬೇಕಾದರೆ, ಹಡಗಿನವರು ಒಪ್ಪುವಂಥ, ಎರಡು ಮೂರು ಯುಎಸ್‌ಬಿ ತೂತು ಇರುವ ಒಂದೇ ಚಾರ್ಜರ್ ಸಾಕು. ಮಂಚದ ಮೇಲೆ, ದಿಂಬಿನ ಕೆಳಗೆ ಚಾರ್ಜ್ ಹಾಕೋದು ಬೇಡ, ಮೇಜಿನ ಮೇಲೆ ಇಡಲಿ. ಕೆಲಸಕ್ಕೆ ಹೊರಡುವಾಗ ಪ್ಲಗ್ ತೆಗೆದು ಹೋಗಲಿ. ಬ್ಯಾಟರಿ ಊದಿಕೊಂಡರೆ ಮುಚ್ಚಿಡದೆ ಮೇಲಿನವರಿಗೆ ಹೇಳಲಿ.

ರೈಲಿನಲ್ಲೂ ಒಂದು ನಿಯಮ ಬಂತು

ಹಡಗು ದೂರದ ಮಾತು, ಬಿಡಿ. ರೈಲು ನಮ್ಮದೇ. 2013ರ ಡಿಸೆಂಬರ್ 28ರ ಬೆಳಗಿನ ಜಾವ ಬೆಂಗಳೂರಿನಿಂದ ನಾಂದೇಡ್‌ಗೆ ಹೊರಟಿದ್ದ ಎಕ್ಸ್‌ಪ್ರೆಸ್ ರೈಲಿನ ಎಸಿ ಬೋಗಿಗೆ, ಆಂಧ್ರದ ಅಂದಿನ ಅನಂತಪುರ ಜಿಲ್ಲೆಯ ಕೊತ್ತಚೆರುವು ಹತ್ತಿರ ಬೆಂಕಿ ಹತ್ತಿತು. 26 ಜನ ತೀರಿಕೊಂಡರು. ಎಲ್ಲರೂ ನಿದ್ದೆಯಲ್ಲಿದ್ದ ಹೊತ್ತು. ಅದಕ್ಕೆ ಮೊಬೈಲ್ ಚಾರ್ಜರೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಆ ದುರಂತ ಆದಮೇಲೆ ರೈಲ್ವೆ ಸುರಕ್ಷತಾ ಆಯುಕ್ತರು ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಬೋಗಿಗಳಲ್ಲಿ ಚಾರ್ಜಿಂಗ್ ಪ್ಲಗ್‌ಗಳನ್ನು ಬಂದ್ ಮಾಡಬೇಕು ಅಂತ ಸಲಹೆ ಕೊಟ್ಟರು. 2021ರಲ್ಲಿ ರೈಲ್ವೆ ಆ ನಿಯಮವನ್ನು ಮತ್ತೆ ಬಿಗಿ ಮಾಡಿತು.

ರಾತ್ರಿ 11ರಿಂದ 5 ಯಾಕೆ? ಆ ಹೊತ್ತಿನಲ್ಲಿ ವಾಸನೆ ಬಂದರೂ, ಹೊಗೆ ಬಂದರೂ ನೋಡೋಕೆ ಯಾರೂ ಎದ್ದಿರೋದಿಲ್ಲ. ಅಷ್ಟೇ ಕಾರಣ. ಈಗ ನೀವೇ ಹೇಳಿ, ನಮ್ಮ ಮನೆಯಲ್ಲಿ ಫೋನ್ ಚಾರ್ಜ್ ಹಾಕೋ ಹೊತ್ತು ಯಾವುದು? ರಾತ್ರಿ 11ರಿಂದ 5!

ನಮ್ಮ ಮನೆಯೂ ಒಂದು ಹಡಗಿನ ಕೋಣೆಯೇ

ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತಮುತ್ತ ನಾನು ಮನೆ ಭೇಟಿಗೆ ಹೋಗಿದ್ದೀನಿ. ಫ್ಯಾಕ್ಟರಿ ಕೆಲಸಕ್ಕೆ ಅಂತ ಬಂದವರು ಬಾಡಿಗೆಗೆ ಇರುವ ವಠಾರದ ಮನೆಗಳು, ಶೀಟ್ ಹಾಕಿದ ಮನೆಗಳು. ಒಂದೇ ಕೋಣೆ, ಒಂದೇ ಬಾಗಿಲು. ಅದೇ ಕೋಣೆಯಲ್ಲಿ ಗ್ಯಾಸ್ ಸಿಲಿಂಡರ್, ಅದೇ ಕೋಣೆಯಲ್ಲಿ ಹಾಸಿಗೆ, ಬಟ್ಟೆ ಗಂಟು, ಮಕ್ಕಳ ಪುಸ್ತಕ. ಗೋಡೆಯಲ್ಲಿ ಒಂದೇ ಪ್ಲಗ್ಗು. ಆ ಪ್ಲಗ್ಗಿಗೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಆ ಬೋರ್ಡಿಗೆ ಇನ್ನೊಂದು ಬೋರ್ಡ್. ಒಂದರಲ್ಲಿ ಟಿವಿ, ಒಂದರಲ್ಲಿ ಮಿಕ್ಸಿ, ಒಂದರಲ್ಲಿ ಮೂರು ಫೋನು. ವೈರ್ ಹಾಸಿಗೆಯ ಕೆಳಗೆ ಹೋಗಿರುತ್ತೆ.

ಹಡಗಿನ ಕೋಣೆಗೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ಕೋಣೆ ತಪಾಸಣೆ ಮಾಡೋಕೆ ಮೇಲಿನವರು ಇದ್ದಾರೆ. ನಮ್ಮ ಮನೆಗೆ ಯಾರೂ ಇಲ್ಲ. ಹಾಗಾಗಿ ನಿಯಮ ಮಾಡಬೇಕಾದವರೂ ನಾವೇ, ತಪಾಸಣೆ ಮಾಡಬೇಕಾದವರೂ ನಾವೇ. ಅದಕ್ಕೆ ಮೊದಲು ಅಪಾಯ ಎಲ್ಲಿಂದ ಬರುತ್ತೆ ಅನ್ನೋದು ಗೊತ್ತಿರಬೇಕು. ನಾಲ್ಕು ಮಾತು ಹೇಳ್ತೀನಿ.

ಒಂದು: ಚಾರ್ಜರ್ ಒಳಗೆ ಏನಿದೆ?

ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಕರೆಂಟ್ ಇದೆ. ಫೋನಿಗೆ ಬೇಕಾದದ್ದು ಸಾಮಾನ್ಯವಾಗಿ 5 ವೋಲ್ಟ್, ಬೇಗ ಚಾರ್ಜ್ ಆಗುವ ಫೋನಿಗೆ ಸ್ವಲ್ಪ ಹೆಚ್ಚು. ಈ 230ನ್ನು 5ಕ್ಕೆ ಇಳಿಸುವ ಕೆಲಸ ಚಾರ್ಜರಿನದು. ಒಳ್ಳೆಯ ಚಾರ್ಜರಿನಲ್ಲಿ ಗೋಡೆಯ ಕರೆಂಟಿಗೂ ಫೋನಿನ ಕಡೆಗೂ ನಡುವೆ ಗಟ್ಟಿಯಾದ ತಡೆ ಇರುತ್ತೆ. ಫುಟ್‌ಪಾತಿನಲ್ಲಿ ಸಿಗುವ ಅಗ್ಗದ ನಕಲಿ ಚಾರ್ಜರಿನಲ್ಲಿ ಆ ತಡೆ ತೀರಾ ತೆಳುವಾಗಿರಬಹುದು. ಅದು ಒಡೆದ ದಿನ ವೈರಿನ ತುದಿಗೇ 230 ವೋಲ್ಟ್ ಬರುತ್ತೆ.

2023ರ ಆಗಸ್ಟ್ ತಿಂಗಳಲ್ಲಿ ನಮ್ಮ ರಾಜ್ಯದ ಕಾರವಾರ ತಾಲ್ಲೂಕಿನಲ್ಲಿ ಎಂಟು ತಿಂಗಳ ಹೆಣ್ಣು ಮಗುವೊಂದು ತೀರಿಕೊಂಡಿತು. ಫೋನ್ ತೆಗೆದ ಮೇಲೆ ಸ್ವಿಚ್ ಆರಿಸದೆ ಬಿಟ್ಟಿದ್ದ ಚಾರ್ಜರ್ ವೈರಿನ ತುದಿಯನ್ನು ಮಗು ಬಾಯಿಗೆ ಹಾಕಿಕೊಂಡಿತ್ತು. ಆ ವಯಸ್ಸಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತೆ, ನಮ್ಮೆಲ್ಲರಿಗೂ ಗೊತ್ತು. ಆ ಮನೆಯವರನ್ನು ದೂರೋದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಅಂಥ ವೈರು ಇವತ್ತು ನಮ್ಮ ಯಾರ ಮನೆಯಲ್ಲಾದರೂ ನೇತಾಡುತ್ತಿರಬಹುದು. ಫೋನ್ ತೆಗೆದರೆ ಸ್ವಿಚ್ ಆರಿಸಬೇಕು, ಚಾರ್ಜರನ್ನೂ ಕಿತ್ತು ಮಕ್ಕಳಿಗೆ ಎಟುಕದ ಕಡೆ ಇಡಬೇಕು. ದುಡ್ಡು ಖರ್ಚಿಲ್ಲದ ಕೆಲಸ ಇದು.

ಚಾರ್ಜರ್ ಕೊಳ್ಳುವಾಗ ಅದರ ಮೇಲಿನ ಸಣ್ಣ ಅಕ್ಷರ ನೋಡಿ. ಬಿಐಎಸ್ ಗುರುತಿನ ಜೊತೆ 'ಆರ್' ಅಂತ ಇಂಗ್ಲಿಷ್ ಅಕ್ಷರ, ಅದರ ಮುಂದೆ ಎಂಟು ಅಂಕಿಯ ನಂಬರ್ ಇರಬೇಕು. ಪವರ್ ಬ್ಯಾಂಕ್ ಮೇಲೂ ಇರಬೇಕು. ಬಿಐಎಸ್ ಕೇರ್ ಅನ್ನೋ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅದು ಯಾವ ಕಂಪನಿಗೆ ಕೊಟ್ಟದ್ದು ಅಂತ ತೋರಿಸುತ್ತೆ. ಕಣ್ಣು ಕಾಣದಿದ್ದರೆ ಹೈಸ್ಕೂಲ್ ಓದುವ ಮಕ್ಕಳಿಗೆ ಹೇಳಿ, ಅವರು ಒಂದು ನಿಮಿಷದಲ್ಲಿ ನೋಡ್ತಾರೆ. ವೈರ್ ಹರಿದು ತಾಮ್ರ ಕಾಣ್ತಿದ್ದರೆ ಟೇಪ್ ಸುತ್ತಿ ಮುಂದುವರಿಸಬೇಡಿ, ಎಸೆದುಬಿಡಿ.

ಎರಡು: ಬೋರ್ಡಿನ ಮೇಲೆ ಎಷ್ಟು ಹೊರೆ?

ಇಲ್ಲಿ ಒಂದು ಲೆಕ್ಕ ಮಾಡೋಣ. ನೀವು ಬಡ್ಡಿ ಲೆಕ್ಕ ಮಾಡುವವರು, ಇದು ಕಷ್ಟವೇನಲ್ಲ. ಗೋಡೆಯಲ್ಲಿರುವ ಸಣ್ಣ ಪ್ಲಗ್ಗು 6 ಆಂಪಿಯರಿನದು, ಹಳೆಯದಾದರೆ 5. ಸಾಮಾನ್ಯ ಎಕ್ಸ್‌ಟೆನ್ಷನ್ ಬೋರ್ಡೂ 6ರದ್ದೇ. ಆರನ್ನು 230ರಿಂದ ಗುಣಿಸಿ, 1,380 ವ್ಯಾಟ್ ಬರುತ್ತೆ. ಅದು ಆ ಬೋರ್ಡ್ ಹೊರಬಹುದಾದ ಭಾರ, ಎಷ್ಟು ತೂತಿದ್ದರೂ ಒಟ್ಟು ಅಷ್ಟೇ.

ಫೋನಿನ ಚಾರ್ಜರ್ ತಗೊಳ್ಳೋದು 10, 20, ಸಾಮಾನ್ಯವಾಗಿ ನೂರರ ಒಳಗೆ. ಮೂರು ಫೋನ್ ಹಾಕಿದರೂ ಬೋರ್ಡಿಗೆ ಭಾರ ಅಲ್ಲ. ಆದರೆ ಇಸ್ತ್ರಿಪೆಟ್ಟಿಗೆ 1,000. ಮಿಕ್ಸಿ 500ರಿಂದ 750. ನೀರು ಕಾಯಿಸುವ ಕಾಯಿಲ್ 1,500. ಇಂಡಕ್ಷನ್ ಒಲೆ 2,000ದವರೆಗೆ. ಕಾಯಿಲ್ ಒಂದೇ ಸಾಕು, ಬೋರ್ಡಿನ ಮಿತಿ ದಾಟಿತು. ಇಸ್ತ್ರಿ ಮಾಡುತ್ತಾ ಅದೇ ಬೋರ್ಡಿನಲ್ಲಿ ಮಿಕ್ಸಿ ಹಾಕಿದರೂ ದಾಟಿತು. ಆಗ ತಂತಿ ಬಿಸಿಯಾಗುತ್ತೆ, ಪ್ಲಾಸ್ಟಿಕ್ ಕರಗುತ್ತೆ. ಪಕ್ಕದಲ್ಲಿ ಚಾರ್ಜಿಗಿಟ್ಟ ಫೋನು, ಅದರ ಪಕ್ಕದಲ್ಲಿ ಹಾಸಿಗೆ. ಬೆಂಕಿಗೆ ಇನ್ನೇನು ಬೇಕು?

ಹಾಗಾಗಿ ಕಾಯಿಲ್, ಇಸ್ತ್ರಿ, ಇಂಡಕ್ಷನ್ ಇವಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು, ನೇರವಾಗಿ ಗೋಡೆಯಿಂದ. ಬೋರ್ಡಿನಿಂದ ಬೋರ್ಡಿಗೆ ಸೇರಿಸೋದು ಬೇಡವೇ ಬೇಡ. ಬೋರ್ಡನ್ನು ಕೈಯಲ್ಲಿ ಮುಟ್ಟಿ ನೋಡಿ, ಬಿಸಿ ಇದ್ದರೆ, ಪ್ಲಗ್ಗಿನ ಸುತ್ತ ಕಂದು ಬಣ್ಣ ಬಂದಿದ್ದರೆ, ಮೀನು ಕೊಳೆತಂತೆ ವಾಸನೆ ಬಂದರೆ ಆವತ್ತೇ ಬದಲಾಯಿಸಿ.

ಮೂರು: ಬ್ಯಾಟರಿಗೆ ಸೆಖೆ ಆಗಬಾರದು

ಫೋನಿನ ಒಳಗಿರೋದು ಲಿಥಿಯಂ ಬ್ಯಾಟರಿ. ಚಾರ್ಜ್ ಆಗುವಾಗ ಅದು ಸ್ವಲ್ಪ ಬಿಸಿಯಾಗೋದು ಸಹಜ. ಆ ಬಿಸಿ ಹೊರಗೆ ಹೋಗಬೇಕು. ದಿಂಬಿನ ಕೆಳಗೆ, ಕೌದಿಯ ಒಳಗೆ ಇಟ್ಟರೆ ಬಿಸಿ ಹೋಗೋದಿಲ್ಲ. ಶೀಟ್ ಮನೆಯಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ನಮಗೇ ಉಸಿರು ಕಟ್ಟುತ್ತೆ, ಬ್ಯಾಟರಿಗೂ ಹಾಗೆಯೇ. 45 ಡಿಗ್ರಿ ಮೀರಿದ ಜಾಗದಲ್ಲಿ ಚಾರ್ಜ್ ಮಾಡಲೇಬಾರದು. ಬ್ಯಾಟರಿ ಒಳಗೆ ಕೆಟ್ಟರೆ ತನ್ನ ಬಿಸಿಗೆ ತಾನೇ ಹೊತ್ತಿಕೊಳ್ಳುತ್ತೆ, ಹೊಗೆ ವಿಷ.

ಫೋನಿನ ಹಿಂಭಾಗ ಉಬ್ಬಿದ್ದರೆ, ಮುಚ್ಚಳ ತೆರೆದುಕೊಂಡಿದ್ದರೆ, ಅದು ಬ್ಯಾಟರಿ ಊದಿದ ಗುರುತು. "ಇನ್ನೂ ನಡೀತಿದೆ ಸಿಸ್ಟರ್" ಅಂತ ಮತ್ತೆ ಚಾರ್ಜ್ ಹಾಕಬೇಡಿ. ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ರಿಪೇರಿ ಅಂಗಡಿಗೆ ಕೊಡಿ. ಚಾರ್ಜ್ ಹಾಕಿಕೊಂಡೇ ಮಕ್ಕಳು ಆಟ ಆಡೋದು, ದೊಡ್ಡವರು ಮಾತಾಡೋದು ನಿಲ್ಲಲಿ. ಎಲೆಕ್ಟ್ರಿಕ್ ಸ್ಕೂಟರ್ ಇದ್ದವರು ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಿ. ಮನೆಗೆ ಇರುವ ಒಂದೇ ಬಾಗಿಲ ಬಳಿ ಸ್ಕೂಟರ್ ಅಥವಾ ಅದರ ಬ್ಯಾಟರಿ ಇಟ್ಟು ರಾತ್ರಿ ಚಾರ್ಜ್ ಹಾಕಬೇಡಿ. ಅಲ್ಲಿ ಹೊತ್ತಿಕೊಂಡರೆ ಹೊರಗೆ ಬರೋ ದಾರಿಯೇ ಮುಚ್ಚಿತು.

ನಾಲ್ಕು: ಗೋಡೆಯ ಹಿಂದೆ ಏನಿದೆ?

ಹಡಗಿನ ವೈರಿಂಗ್ ಬಗ್ಗೆ ಹೇಳಿದೆನಲ್ಲ, ಸ್ವಿಚ್ ಆರಿಸಿದರೂ ತಂತಿ ಜೀವಂತ ಅಂತ. ನಮ್ಮ ಮನೆಯಲ್ಲೂ ಹಾಗೆ ಆಗಬಹುದು. ವೈರಿಂಗ್ ಮಾಡಿದವರು ಫೇಸ್, ನ್ಯೂಟ್ರಲ್ ಅದಲು ಬದಲು ಮಾಡಿದ್ದರೆ ಸ್ವಿಚ್ ಕಟ್ ಮಾಡೋದು ನ್ಯೂಟ್ರಲ್ಲನ್ನು. ಫೇಸ್ ಪ್ಲಗ್ಗಿನಲ್ಲೇ ಉಳಿಯುತ್ತೆ. ಮೂರು ತೂತಿನ ಪ್ಲಗ್ಗಿನ ಎದುರು ನಿಂತರೆ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಟೆಸ್ಟರ್ ಹಿಡಿದು ನೋಡಲು ಹೇಳಿ, ಎರಡು ನಿಮಿಷದ ಕೆಲಸ. ನೀವೇ ತಂತಿ ತುರುಕಿ ನೋಡಬೇಡಿ.

ಅರ್ತಿಂಗ್ ಇದೆಯಾ ಅಂತಲೂ ಕೇಳಿ. ಮಿಕ್ಸಿ, ಇಸ್ತ್ರಿ, ಫ್ರಿಜ್ಜಿಗೆ ಅದು ಬೇಕೇ ಬೇಕು. ಎರಡು ಪಿನ್ನಿನ ಮೊಬೈಲ್ ಚಾರ್ಜರಿಗೆ ಅರ್ತಿಂಗಿನ ರಕ್ಷಣೆ ಸಿಗೋದಿಲ್ಲ. ಅಲ್ಲಿ ನಮ್ಮನ್ನು ಕಾಪಾಡೋದು ಮೀಟರ್ ಪಕ್ಕದಲ್ಲಿ ಹಾಕುವ ಆರ್‌ಸಿಸಿಬಿ ಅನ್ನೋ ಸ್ವಿಚ್ಚು. ಮನುಷ್ಯನ ಮೈಮೂಲಕ 30 ಮಿಲಿ ಆಂಪಿಯರ್‌ನಷ್ಟು ಕರೆಂಟ್ ಭೂಮಿಗೆ ಸೋರಿದರೂ ಅದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಟ್ ಮಾಡುತ್ತೆ. ಫ್ಯೂಸ್ ಹೋದಾಗ ದಪ್ಪ ತಾಮ್ರದ ತಂತಿ ಕಟ್ಟುವವರು ಇದ್ದಾರೆ. ಆಗ ಫ್ಯೂಸ್ ಕರಗೋದಿಲ್ಲ, ಮನೆಯ ವೈರು ಕರಗುತ್ತೆ.

"ಬಾಡಿಗೆ ಮನೆ ಸಿಸ್ಟರ್, ಓನರ್ ಮಾಡಿಸಲ್ಲ" ಅಂತ ನೀವು ಹೇಳ್ತೀರಿ. ಒಬ್ಬರೇ ಹೋಗಿ ಕೇಳಿದರೆ "ಇಷ್ಟ ಇದ್ರೆ ಇರಿ" ಅಂತಾರೆ. ವಠಾರದ ಎಂಟು ಮನೆಯವರು ಒಟ್ಟಿಗೆ ಹೋಗಿ. ಮನೆ ಸುಟ್ಟರೆ ನಷ್ಟ ಅವರಿಗೂ ಅಂತ ಮರ್ಯಾದೆಯಿಂದ ಹೇಳಿ. ಖರ್ಚಿನಲ್ಲಿ ಪಾಲು ಕೊಟ್ಟು ಬಾಡಿಗೆಯಲ್ಲಿ ಹಿಡಿಯೋಣ ಅಂತ ಮಾತಾಡಿ. ಸ್ವಂತ ಮನೆಯವರಿಗೆ ನನ್ನ ಸಲಹೆ: ಮದುವೆಗೆ, ಹಬ್ಬಕ್ಕೆ ಸಂಘದಿಂದ ಸಾಲ ತಗೊಳ್ತೀವಿ. ಅರ್ತಿಂಗ್, ಆರ್‌ಸಿಸಿಬಿ ಮಾಡಿಸೋದಕ್ಕೂ ಒಳಸಾಲ ಕೊಡಬಹುದು ಅಂತ ನಿಮ್ಮ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

"ರಾತ್ರಿ ಬಿಟ್ರೆ ಯಾವಾಗ ಚಾರ್ಜ್ ಮಾಡೋದು?"

ಈ ಪ್ರಶ್ನೆ ನ್ಯಾಯವಾದದ್ದು. ಶಿಫ್ಟ್ ಮುಗಿಸಿ ಬಂದು, ಅಡುಗೆ ಮಾಡಿ, ಮಲಗೋ ಹೊತ್ತಿಗೇ ಫೋನ್ ಕೈಬಿಡೋದು. ಊರಲ್ಲಿ ಹುಷಾರಿಲ್ಲದ ತಾಯಿ ಇದ್ದಾರೆ, ರಾತ್ರಿ ಫೋನ್ ಬಂದ್ ಆಗಬಾರದು. ನಿಜ. ಆದರೆ ಅಡುಗೆ ಮಾಡಿ ಊಟ ಮುಗಿಸೋಕೆ ಒಂದು ಒಂದೂವರೆ ಗಂಟೆ ಬೇಕಲ್ವಾ? ಒಲೆ ಹಚ್ಚಿದಾಗ ಚಾರ್ಜ್ ಹಾಕಿ, ಒಲೆಯಿಂದ ದೂರ. ಪಾತ್ರೆ ತೊಳೆದು ಮುಗಿಸಿದಾಗ ತೆಗೆಯಿರಿ. ನೂರಕ್ಕೆ ನೂರು ತುಂಬಲೇಬೇಕು ಅಂತ ಇಲ್ಲ, ಎಂಬತ್ತು ಇದ್ದರೆ ರಾತ್ರಿ ದಾಟುತ್ತೆ. ಬೆಳಗ್ಗೆ ಎದ್ದು ನೀರು ಹಿಡಿಯುವ ಹೊತ್ತಿಗೆ ಮತ್ತೆ ಅರ್ಧ ಗಂಟೆ. ಗಂಡಸರು ಕೇಳೋದಿಲ್ಲ ಅಂತ ಕೆಲವರು ಹೇಳಿದಿರಿ. ಚಾರ್ಜ್ ಮಾಡುವ ಜಾಗವನ್ನೇ ಹಾಸಿಗೆಯಿಂದ ದೂರದ ಗೋಡೆಗೆ ಬದಲಾಯಿಸಿ, ಒಂದು ಮರದ ಹಲಗೆ ಅಥವಾ ಕಡಪಾ ಕಲ್ಲಿನ ತುಂಡು ಹೊಡೆಸಿ. ಜಾಗ ಬದಲಾದರೆ ಅಭ್ಯಾಸ ತಾನೇ ಬದಲಾಗುತ್ತೆ.

ಆಗಬಾರದ್ದು ಆದರೆ

ಯಾರಿಗಾದರೂ ಕರೆಂಟ್ ಹಿಡಿದಿದ್ದರೆ ಅವರನ್ನು ಮುಟ್ಟಬೇಡಿ, ಮೊದಲು ಮೇನ್ ಆರಿಸಿ. ಆರಿಸಲು ಆಗದಿದ್ದರೆ ಒಣ ಮರದ ಕೋಲಿನಿಂದ ತಂತಿ ಸರಿಸಿ. 108ಕ್ಕೆ ಫೋನ್ ಮಾಡಿ. ಉಸಿರಾಡದಿದ್ದರೆ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತುತ್ತಾ ಇರಿ. ಎದ್ದು ಕೂತರೂ ಆಸ್ಪತ್ರೆಗೆ ತೋರಿಸಿ. ಬೋರ್ಡಿಗೆ ಬೆಂಕಿ ಹತ್ತಿದರೆ ಕರೆಂಟ್ ಇರುವಾಗ ನೀರು ಹಾಕಬೇಡಿ. ಮೇನ್ ಆರಿಸಿದ ಮೇಲೆ ಫೋನಿನ ಬ್ಯಾಟರಿ ಉರಿಯುತ್ತಿದ್ದರೆ ದೂರದಿಂದ ಧಾರಾಳವಾಗಿ ನೀರು ಹಾಕಿ. ಹೊಗೆ ಹೆಚ್ಚಾದರೆ, ಸ್ಕೂಟರ್ ಬ್ಯಾಟರಿ ಆದರೆ ಏನನ್ನೂ ಉಳಿಸಲು ಹೋಗಬೇಡಿ. ಮಕ್ಕಳನ್ನು ಎತ್ತಿಕೊಂಡು ಹೊರಗೆ ಬನ್ನಿ, 112ಕ್ಕೆ ಕರೆ ಮಾಡಿ. ಕಂಬದಲ್ಲಿ ಕಿಡಿ ಬಂದರೆ, ತಂತಿ ಬಿದ್ದಿದ್ದರೆ ಬೆಸ್ಕಾಂ ನಂಬರ್ 1912.

ಮುಂದಿನ ಸಭೆಯೊಳಗೆ ಪ್ರತಿ ಸಂಘವೂ ಮಾಡಬೇಕಾದದ್ದು:

1. ಇಬ್ಬಿಬ್ಬರು ಸದಸ್ಯೆಯರು ಜೋಡಿಯಾಗಿ ಒಬ್ಬರ ಮನೆಯನ್ನು ಇನ್ನೊಬ್ಬರು ನೋಡಬೇಕು. ಬೋರ್ಡ್, ವೈರ್, ಚಾರ್ಜರ್ ಮೂರನ್ನೂ. ತಪ್ಪು ಹುಡುಕಿ ಹೀಯಾಳಿಸೋಕಲ್ಲ, ಸರಿ ಮಾಡೋಕೆ.
2. ಹರಿದ ವೈರು, ಊದಿದ ಬ್ಯಾಟರಿ, ಸುಟ್ಟ ಪ್ಲಗ್ಗು ಎಷ್ಟು ಸಿಕ್ಕಿತು ಅಂತ ಬರೆದು ತರಬೇಕು.
3. ರಾತ್ರಿ ಮಲಗುವಾಗ ಎಲ್ಲ ಚಾರ್ಜರ್ ಪ್ಲಗ್ಗಿನಿಂದ ಹೊರಗೆ. ಈ ಕೆಲಸವನ್ನು ಮನೆಯ ಒಬ್ಬ ಮಗ ಅಥವಾ ಮಗಳಿಗೆ ವಹಿಸಿ.
4. ವೈರಿಂಗ್ ರಿಪೇರಿಗೆ ಒಳಸಾಲದ ನಿರ್ಣಯವನ್ನು ಚರ್ಚೆಗೆ ಇಡಿ.
5. ಎಷ್ಟು ಮನೆಗೆ ಅರ್ತಿಂಗ್ ಇಲ್ಲ ಅಂತ ಪಟ್ಟಿ ಮಾಡಿ. ಒಟ್ಟಿಗೆ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿದರೆ ಕೂಲಿ ಕಡಿಮೆ ಬೀಳುತ್ತೆ.

ನಿಮ್ಮ ಉಳಿತಾಯದ ಹಣ ಬ್ಯಾಂಕಿನಲ್ಲಿ ಭದ್ರವಾಗಿದೆ. ಅದನ್ನು ಯಾರಿಗಾಗಿ ಕೂಡಿಡ್ತಿದ್ದೀರೋ ಅವರು ಮನೆಯಲ್ಲಿ ಮಲಗಿರ್ತಾರೆ. ಅವರ ಭದ್ರತೆಯ ಲೆಕ್ಕವೂ ನಮ್ಮ ಪುಸ್ತಕದಲ್ಲಿ ಇರಲಿ.